ಜಂಟಿ ಅರ್ಜಿಯಿಂದ ತೆಗೆದ ಹೆಸರು

ನಮಗೆ ಬಸವನಗುಡಿ ಕಡೆ ಸ್ವಂತ ಮನೆ ಆಗುವುದೇ ಇಲ್ಲ ಎಂದು ಮೊದಲು ಹೇಳಿದವರು ನನ್ನ ಸೋದರಮಾವ. ಅವರದು ಈರುಳ್ಳಿ ಮಂಡಿ. ಮಾತನ್ನೂ ಮೂಟೆ ಇಳಿಸಿದ ಹಾಗೆ ಇಳಿಸುತ್ತಾರೆ. “ಗಾಂಧಿ ಬಜಾರಲ್ಲಿ ಕೂತ್ಕೊಂಡು ಸೊಪ್ಪು ಮಾರ್ಬೋದು ಕಣಮ್ಮ, ಮನೆ ತಗೊಳಕ್ಕಾಗಲ್ಲ. ಡಿಗ್ರಿ ಮಾಡಿದೀನಿ ಅಂತ ತಲೆ ತಿರುಗಿದೆ ನಿಂಗೆ. ಕೆಂಗೇರಿ ದಾಟ್ಕೊಂಡು ಹೋಗಿ ಎಲ್ಲಾದ್ರೂ ಒಂದು ಸೈಟ್ ನೋಡು,” ಎಂದರು. ಎರಡನೆಯವರು ಗವಿಪುರದಲ್ಲಿ ನಾವಿದ್ದ ಬಾಡಿಗೆ ಮನೆಯ ಓನರಮ್ಮ. ಅವರು ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಲಿಲ್ಲ, ನಕ್ಕರು. “ಬಾಡಿಗೆ ಏರಿಸದೇ ಇರ್ಲಿ ಅಂತ ಹೀಗೆ ಹೆದರಿಸ್ತಿದೀಯಾ?” ಎಂದು ಕೇಳಿದರು.

ಅಮ್ಮ ಆಗುವುದಿಲ್ಲ ಎನ್ನಲಿಲ್ಲ. ಅವಳು ಕೇಳಿದ್ದು ಒಂದೇ.

“ಕಾಗದದಲ್ಲಿ ನನ್ನ ಹೆಸರೂ ಇರುತ್ತೆ ತಾನೇ?”

“ಇರುತ್ತೆ,” ಎಂದೆ. ಇನ್ನೊಂದು ಸಲ ಕೇಳಿದಳು. ಇನ್ನೊಂದು ಸಲ ಹೇಳಿದೆ.

ಆ ಪ್ರಶ್ನೆ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡ. ಮಾವಳ್ಳಿಯಲ್ಲಿ ಅಪ್ಪ, ದೊಡ್ಡಪ್ಪ ಒಂದೇ ಮನೆಯಲ್ಲಿದ್ದರು. ಹಿಂದುಗಡೆಯ ಎರಡು ಕೋಣೆ ನಮ್ಮದೆಂದು ನಾವು ತಿಳಿದುಕೊಂಡಿದ್ದೆವು. ಕಾರ್ಯ ಮುಗಿದು ವಾರವೂ ಆಗಿರಲಿಲ್ಲ. ದೊಡ್ಡಪ್ಪ ನಲ್ಲಿಯ ಹತ್ತಿರ ನಿಂತು, ಹಲ್ಲುಜ್ಜುತ್ತಲೇ, “ಈ ಮನೇಲಿ ನಿನ್ನ ಹೆಸರು ಎಲ್ಲಿದೆ ತೋರ್ಸು,” ಎಂದ. ಅಮ್ಮನ ಹತ್ತಿರ ತೋರಿಸಲು ಏನೂ ಇರಲಿಲ್ಲ. ಒಂದು ಟ್ರಂಕು, ಒಂದು ತಕ್ಕಡಿ ಮತ್ತು ನನ್ನನ್ನು ಕರೆದುಕೊಂಡು ಲಾಲ್‌ಬಾಗಿನ ಗೋಡೆ ಪಕ್ಕದಲ್ಲೇ ನಡೆದು ಹೊರಟಳು. ತಕ್ಕಡಿಯ ತಟ್ಟೆಗಳು ನನ್ನ ಕೈಯಲ್ಲಿದ್ದವು. ಅವು ಒಂದಕ್ಕೊಂದು ಬಡಿದು ಸದ್ದಾದರೆ ಬೈಯುತ್ತಿದ್ದಳು, ದಾರಿಯವರು ತಿರುಗಿ ನೋಡುತ್ತಾರೆಂದು.

ನಮ್ಮ ಕಡೆಯಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲನೆಯವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೆಳಿಗ್ಗೆ ಅಮ್ಮನ ಜೊತೆ ಕೂತು ಕೊತ್ತಂಬರಿ ಕಟ್ಟು ಕಟ್ಟಿ, ಹಗಲೆಲ್ಲ ಒಬ್ಬ ಆಡಿಟರ್ ಆಫೀಸಿನಲ್ಲಿ ಎಂಟ್ರಿ ಹೊಡೆದು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವಳು ನಾನು. ಎರಡನೇ ವರ್ಷ ಒಂದು ಪೇಪರು ಹೋಯಿತು. ಮತ್ತೆ ಕಟ್ಟಿ ಪಾಸು ಮಾಡಿದೆ. ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಒಂದು ದಿನ, “ನಿನ್ನ ಹತ್ರ ಕೂತ್ರೆ ಹಸಿವಾಗುತ್ತೆ ಕಣೇ, ಸಾರಿನ ವಾಸನೆ,” ಎಂದಿದ್ದಳು. ಈಗ ಚಾಮರಾಜಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ಅಕೌಂಟ್ಸ್ ಪೂರ್ತಿ ನನ್ನ ಕೈಯಲ್ಲಿದೆ. ಡಾಕ್ಟರುಗಳು ನನ್ನನ್ನು ಮೇಡಂ ಎನ್ನುತ್ತಾರೆ.

ಮನೆಗೆಂದು ಕೂಡಿಟ್ಟದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಮ್ಮನದು. ಇದನ್ನೂ ಈಗಲೇ ಹೇಳಿಬಿಡುವುದು ಒಳ್ಳೆಯದು.

ಏಜೆಂಟ್ ಕೂರುತ್ತಿದ್ದುದು ಒಂದು ಜೆರಾಕ್ಸ್ ಅಂಗಡಿಯಲ್ಲಿ. ಅಂಗಡಿ ಅವನದಲ್ಲ, ಸ್ಟೂಲು ಮಾತ್ರ ಅವನದು. ಮಾತಿಗೊಂದು ‘ಮೇಡಂ’ ಸೇರಿಸುವ ಮನುಷ್ಯ. ಫೋನು ಬಂದರೆ ಎದ್ದು ರಸ್ತೆಗೆ ಹೋಗಿ, ಇಡೀ ರಸ್ತೆಗೆ ಕೇಳುವ ಹಾಗೆ ಗುಟ್ಟು ಮಾತಾಡುತ್ತಿದ್ದ. ಏಳೆಂಟು ಮನೆ ತೋರಿಸಿದ. ಒಂದರಲ್ಲಿ ಹಗಲೂ ಲೈಟ್ ಹಾಕಬೇಕು. ಇನ್ನೊಂದಕ್ಕೆ ಮೂವರು ಅಣ್ಣತಮ್ಮಂದಿರು ಮಾಲೀಕರು, ಒಬ್ಬರಿಗೊಬ್ಬರು ಮಾತಿಲ್ಲ, ಮೂವರಿಗೂ ಬೇರೆ ಬೇರೆ ಹೋಗಿ ಕೈಮುಗಿಯಬೇಕು. ಕೊನೆಗೆ ಬುಲ್ ಟೆಂಪಲ್ ರಸ್ತೆಯಿಂದ ಎರಡು ತಿರುವು ಒಳಗೆ ಒಂದು ಹಳೇ ಕಟ್ಟಡ ಸಿಕ್ಕಿತು. ಎರಡನೇ ಮಹಡಿ, ಲಿಫ್ಟ್ ಇಲ್ಲ, ಎರಡು ಕೋಣೆ, ಕಡಪ ಕಲ್ಲಿನ ಅಡುಗೆಕಟ್ಟೆ. ಬಾಗಿಲಲ್ಲಿ ನಿಂತಾಗಲೇ ಇದು ನನ್ನದು ಎನ್ನಿಸಿತು. ‘ನಮ್ಮದು’ ಎನ್ನಿಸಿತ್ತೇ ಎಂದು ಈಗ ನೆನಪು ಮಾಡಿಕೊಳ್ಳಲು ನೋಡುತ್ತೇನೆ, ನೆನಪಾಗುವುದಿಲ್ಲ.

ಮೆಟ್ಟಿಲಿಳಿಯುವಾಗ ಏಜೆಂಟ್ ದನಿ ತಗ್ಗಿಸಿದ. “ಮೇಡಂ, ಒಂದು ಮಾತು, ಬೇಜಾರ್ ಮಾಡ್ಕೋಬೇಡಿ. ಓನರ್ ಕಡೆಯೋರು ಸ್ವಲ್ಪ ಹಳೇ ಕಾಲದೋರು. ನೀವು ಒಬ್ರೇ ಬಂದ್ರೆ ಆಫೀಸರ್ ಥರ ಕಾಣ್ತೀರಾ ಮೇಡಂ. ಅಮ್ಮನ್ನ ಸೀದಾ ರಿಜಿಸ್ಟ್ರೇಷನ್ ದಿನ ಕರ್ಕೊಂಡ್ಬನ್ನಿ.”

ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಮನೆಗೆ ಹೋಗಿ ಅಮ್ಮನಿಗೆ, “ಇನ್ನೂ ಯಾವುದೂ ಫೈನಲ್ ಆಗಿಲ್ಲ,” ಎಂದೆ. ಹೀಗೆ ಹೇಳಿಕೊಂಡೇ ಮೂರು ಸಲ ಒಬ್ಬಳೇ ಹೋಗಿ ಬಂದೆ. ನಾಲ್ಕನೆಯ ಸಲ ಮಾರುವವರ ಮನೆಯಾಕೆಯೇ ಪಟ್ಟು ಹಿಡಿದರು. ಮನೆಗೆ ಯಾರ‍್ಯಾರು ಬರುತ್ತಾರೆ ಎಂದು ನೋಡದೆ ಕೊಡುವುದಿಲ್ಲ, ಕೆಳಗೆ ಮೇಲೆ ಇರುವವರು ನಾಳೆ ನಮ್ಮನ್ನು ಬೈಯಬಾರದು ಎಂದರು. ಅಮ್ಮನನ್ನು ಕರೆದುಕೊಂಡು ಹೋಗಲೇಬೇಕಾಯಿತು.

ಅಮ್ಮ ಇದ್ದ ಒಂದು ರೇಷ್ಮೆ ಸೀರೆ ಉಟ್ಟು, ಮೂರು ಕಡೆ ನಿಂತು ಉಸಿರು ತೆಗೆದುಕೊಂಡು ಮೆಟ್ಟಿಲು ಹತ್ತಿದಳು. ಬಾಗಿಲು ತೆಗೆದ ಮನೆಯಾಕೆ ಅವಳನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

“ಅಯ್ಯೋ, ನೀನಾ! ಏನ್ರೀ, ಬನ್ನಿ ಇಲ್ಲಿ, ನಮ್ಮ ಸೊಪ್ಪಿನೋಳು ಬಂದಿದಾಳೆ!” ಎಂದು ಒಳಗೆ ಗಂಡನಿಗೆ ಕೂಗಿದರು. ಆಮೇಲೆ ನನ್ನ ಕಡೆ ತಿರುಗಿ, “ನೀವು ಇವಳ ಮಗಳಾ?” ಎಂದರು.

ಅವರ ಗಂಡ ಯಾವುದೋ ಆಫೀಸಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಕನ್ನಡಕ ಹುಡುಕಿಕೊಂಡು ಹೊರಗೆ ಬಂದರು.

“ಇಪ್ಪತ್ತು ವರ್ಷ ಆಯ್ತು ರೀ ಇವಳ ಹತ್ರ ತಗೊಳಕ್ಕೆ ಶುರು ಮಾಡಿ. ಕೊತ್ತಂಬರೀಲಿ ಒಂದು ರೂಪಾಯಿ ಬಿಟ್ಟೋಳಲ್ಲ. ಈಗ ನೋಡಿ, ನಮ್ಮನೇನೇ ಕೇಳ್ಕೊಂಡು ಬಂದಿದಾಳೆ.”

“ಬಿಟ್ಟಿದ್ರೆ ಎಲ್ಲಿಂದ ಬರಕ್ಕಾಗ್ತಿತ್ತು ಅಮ್ಮಾವ್ರೇ,” ಎಂದಳು ಅಮ್ಮ.

ಏಜೆಂಟ್ ಕೆಮ್ಮಿದ. ಗಂಡ ನಕ್ಕರು, ಹೆಂಡತಿ ನಗಲಿಲ್ಲ. ಆದರೂ ಮಾತು ಕುದುರಿತು, ಯಾಕೆಂದರೆ ಅವರಿಗೂ ಬೇಗ ಮಾರಬೇಕಿತ್ತು. ಮಗಳ ಮನೆಯ ಹತ್ತಿರ ಒಂದು ಕಡೆ ಮುಂಗಡ ಕೊಟ್ಟಾಗಿತ್ತಂತೆ. ಹೊರಡುವಾಗ ಆಕೆ ಅಮ್ಮನಿಗೆ, “ಸರಿ, ನಾಳೆ ಅಡ್ವಾನ್ಸ್ ತಗೊಂಡು ಬಾ. ಹಾಗೇ ಬರೋವಾಗ ಎರಡು ಕಟ್ಟು ದಂಟಿನ ಸೊಪ್ಪು ಹಾಕ್ಕೊಂಡು ಬಂದ್ಬಿಡು,” ಎಂದರು.

ಮಾರನೆಯ ದಿನ ಎರಡೂ ಹೋದವು. ಚೆಕ್ಕು ನಾನು ಕೊಟ್ಟೆ. ದಂಟಿನ ಸೊಪ್ಪಿನ ದುಡ್ಡನ್ನು ಅಮ್ಮ ಬಾಗಿಲಲ್ಲೇ ನಿಂತು ಕೇಳಿ ಇಸಿದುಕೊಂಡಳು. ಬೀದಿಗೆ ಬಂದ ಮೇಲೆ ನಾನು, “ಇವತ್ತೊಂದು ದಿನ ಬಿಟ್ಟಿದ್ರೆ ಏನಾಗ್ತಿತ್ತು? ಮಾನ ತೆಗೆದೆ,” ಎಂದೆ.

“ಯಾರ್ದೇ?” ಎಂದಳು. ನಾನು ಮುಂದೆ ನಡೆದೆ.

ಕರಾರು ಪತ್ರದಲ್ಲಿ ಅರವತ್ತು ದಿನ ಎಂದು ಬರೆದಿತ್ತು. ಅಷ್ಟರೊಳಗೆ ರಿಜಿಸ್ಟ್ರೇಷನ್ ಆಗದಿದ್ದರೆ ಅಡ್ವಾನ್ಸ್ ಅವರಿಗೆ. ಬ್ಯಾಂಕಿಗೆ ಜಂಟಿ ಅರ್ಜಿ ಹಾಕಿದೆವು: ಮೊದಲ ಅರ್ಜಿದಾರಳು ನಾನು, ಎರಡನೆಯವಳು ಅಮ್ಮ. ಫಾರಂ ತುಂಬಿದ್ದು ನಾನೇ. ದಪ್ಪಕ್ಷರದಲ್ಲಿ ಅವಳ ಹೆಸರು ಬರೆಯುವಾಗ ಪಕ್ಕದಲ್ಲಿ ಕೂತು ನೋಡಿದಳು. “ಇದಾ? ಇದೇನಾ?” ಎಂದು ಬೆರಳಿಟ್ಟು ಕೇಳಿದಳು.

ಹದಿನೈದು ದಿನ ಬಿಟ್ಟು ಬ್ಯಾಂಕಿನವರು ಇಬ್ಬರನ್ನೂ ಕರೆದರು. ಸಾಲದ ವಿಭಾಗದ ಅಧಿಕಾರಿ ನನಗಿಂತ ಚಿಕ್ಕವನು. ಅವನ ಎದುರಿಗೆ ಒಂದೇ ಕುರ್ಚಿ ಇತ್ತು. ನಾನು ಕೂತೆ, ಅಮ್ಮ ನಿಂತಳು. ಈಗ ಬರೆಯುವಾಗ ಇದು ಕಣ್ಣಿಗೆ ಹೊಡೆಯುತ್ತದೆ, ಆಗ ಹೊಡೆದಿರಲಿಲ್ಲ.

“ಇವರಿಗೆ ಇನ್‌ಕಮ್ ಪ್ರೂಫ್ ಏನಿದೆ?”

“ಬೆಳಿಗ್ಗೆ ಐದಕ್ಕೆ ಬಜಾರ್ ಕಡೆ ಬನ್ನಿ ಸಾರ್, ತೋರಿಸ್ತೀನಿ,” ಎಂದಳು ಅಮ್ಮ.

ಅವನು ಅವಳನ್ನು ನೋಡದೆ ನನಗೆ ಹೇಳಿದ. “ಅದು ಹೋಗ್ಲಿ, ಮ್ಯಾನೇಜ್ ಮಾಡ್ಬೋದು. ಇದು ನೋಡಿ.” ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದ. ಅಮ್ಮನ ಹೆಸರಿನ ಕೆಳಗೆ ನಾಲ್ಕು ಸಾಲಗಳು. ಅವಳು ತೆಗೆದದ್ದು ಒಂದೂ ಇಲ್ಲ. ನಾಲ್ಕಕ್ಕೂ ಅವಳು ಜಾಮೀನು. ಮೂರರ ಕಂತು ಕಟ್ಟುವುದು ನಿಂತುಹೋಗಿದೆ.

“ಯಾರಮ್ಮ ಇವರೆಲ್ಲ?” ಎಂದೆ. ಹೆಸರು ಓದಿದೆ.

“ನಿಂಬೆಹಣ್ಣಿನೋಳು. ಇನ್ನೊಬ್ಬಳು ಬಾಳೆಎಲೆ ಇಟ್ಕೊಂತಿದ್ಳಲ್ಲ, ಕಾಲು ಊದಿರೋಳು, ಅವಳು. ಮೂರನೇದು ಹೂವಿನೋಳು, ಗಂಡ ಬಿಟ್ಟೋದ್ನಲ್ಲ. ಪಾಪ ಅವರೇನ್ ಬೇಕು ಅಂತ ಮಾಡಿದಾರಾ?”

ಬಜಾರಿನ ರೀತಿ ಗೊತ್ತಿಲ್ಲದವರಿಗೆ ಇದು ಅರ್ಥವಾಗುವುದಿಲ್ಲ. ಫುಟ್‌ಪಾತಿನಲ್ಲಿ ಪಕ್ಕಪಕ್ಕ ಕೂತು ಮಾರುವ ಹೆಂಗಸರು ಸಂಘದಲ್ಲಿ ಸಾಲ ತೆಗೆಯುತ್ತಾರೆ. ಸಾಲಕ್ಕೆ ಜಾಮೀನು ಬೇಕು. ಪಕ್ಕದವಳು ಜಾಮೀನು ಕೇಳಿದರೆ ಇಲ್ಲ ಎನ್ನುವ ಹಾಗಿಲ್ಲ. ಇಲ್ಲ ಎಂದರೆ ನಾಳೆ ನೀನು ನೀರು ಕುಡಿಯಲು ಎದ್ದು ಹೋದಾಗ ನಿನ್ನ ಚೀಲ ಕಾಯುವವರು ಯಾರು? ಆದರೆ ಎಲ್ಲರೂ ಅಮ್ಮನ ಹತ್ತಿರವೇ ಬರುತ್ತಿದ್ದುದಕ್ಕೆ ಬೇರೆ ಕಾರಣವಿತ್ತು. ಆ ಸಾಲಿನಲ್ಲಿ ಸೈನ್ ಹಾಕಲು ಬರುತ್ತಿದ್ದವಳು ಅವಳೊಬ್ಬಳೇ. ಸಂಘದವನು ಹೆಬ್ಬೆಟ್ಟಿಗಿಂತ ಸೈನ್ ಆದರೆ ಸಲೀಸು ಎನ್ನುತ್ತಿದ್ದನಂತೆ. ನಿಂಬೆಹಣ್ಣಿನವಳು, ಎಲೆಯವಳು, ಹೂವಿನವಳು, ಒಬ್ಬರಾದ ಮೇಲೊಬ್ಬರು ಬಂದು, “ಅಕ್ಕಾ, ನಿಂಗೆ ಬರಿಯಕ್ಕೆ ಬರುತ್ತಲ್ಲ,” ಎಂದರೆ ಇವಳು ಕೈ ಒರೆಸಿಕೊಂಡು ಪೆನ್ನು ಹಿಡಿಯುವಳು.

ಆ ಸೈನ್ ಕಲಿಸಿದ್ದು ನಾನು. ಒಂಬತ್ತನೇ ಕ್ಲಾಸಿನಲ್ಲಿ ಸ್ಕಾಲರ್‌ಶಿಪ್ ಫಾರಂಗೆ ತಾಯಿಯ ಸಹಿ ಬೇಕಿತ್ತು. ಹೆಬ್ಬೆಟ್ಟು ಒತ್ತಿದ ಫಾರಂ ತೆಗೆದುಕೊಂಡು ಕ್ಲಾಸಿನ ಎದುರಿಗೆ ಹೋಗಲು ನನಗೆ ನಾಚಿಕೆ. ನಾಲ್ಕು ದಿನ ಕೂರಿಸಿ, ರಂಗೋಲಿಯ ಎಳೆ ತೋರಿಸಿದ ಹಾಗೆ ಅವಳ ಹೆಸರಿನ ಐದಕ್ಷರದ ಆಕಾರ ತೋರಿಸಿದೆ. ಕಲಿತಳು.

“ಈಗೇನ್ ಮಾಡ್ಬೋದು?” ಎಂದು ಅಧಿಕಾರಿಯನ್ನು ಕೇಳಿದೆ.

“ಎರಡು ದಾರಿ. ಆ ಮೂರನ್ನೂ ಕ್ಲಿಯರ್ ಮಾಡಿಸಿ, ಸ್ಕೋರ್ ಸರಿಯಾಗೋವರ್ಗೂ ಕಾಯಿರಿ. ನಾಲ್ಕು ತಿಂಗಳೋ ಆರು ತಿಂಗಳೋ. ಇಲ್ಲಾಂದ್ರೆ ತಾಯಿ ಹೆಸರು ತೆಗೆದು ನಿಮ್ಮ ಒಬ್ರ ಮೇಲೆ ಹಾಕಿ. ನಿಮ್ಮ ಸಂಬಳಕ್ಕೆ ಸಾಲ ಸಾಕಾಗುತ್ತೆ.”

“ಸಾಲ ನನ್ನ ಮೇಲೆ ಇರ್ಲಿ, ಮನೆ ಇಬ್ಬರ ಹೆಸರಲ್ಲಿ ಇಡಕ್ಕಾಗಲ್ವಾ?”

“ಆಗಲ್ಲ ಮೇಡಂ. ಮನೇಲಿ ಹೆಸರಿದ್ದೋರೆಲ್ಲ ಸಾಲದಲ್ಲೂ ಇರ್ಬೇಕು, ಅದು ನಮ್ಮ ರೂಲ್ಸು. ಇನ್ನೊಂದು. ನಿಮ್ಮ ಕೈಯಿಂದ ಹಾಕ್ತಿರೋ ದುಡ್ಡಲ್ಲಿ ತಾಯಿ ಅಕೌಂಟಿಂದ ಬಂದಿದ್ದು ಜಾಸ್ತಿ ಇದೆ. ಅದನ್ನ ಮಗಳಿಗೆ ಉಡುಗೊರೆಯಾಗಿ ಕೊಟ್ಟಿದೀನಿ, ವಾಪಸ್ ಕೇಳಲ್ಲ, ಮನೆ ಮೇಲೆ ನನಗೆ ಹಕ್ಕಿಲ್ಲ ಅಂತ ಒಂದು ಅಫಿಡವಿಟ್ ಬೇಕಾಗುತ್ತೆ.”

ಅಮ್ಮನಿಗೆ ಇಂಗ್ಲಿಷ್ ಬರದು, ಆದರೆ ‘ಹಕ್ಕಿಲ್ಲ’ ಎನ್ನುವುದು ಕನ್ನಡ. ಅವಳು ನನ್ನ ಕುರ್ಚಿಯ ಬೆನ್ನು ಹಿಡಿದುಕೊಂಡಳು.

ಬ್ಯಾಂಕಿನಿಂದ ಮನೆಗೆ ನಡೆದು ಬರುವಾಗ ಗವಿ ಗಂಗಾಧರೇಶ್ವರನ ಗುಡಿಯ ಹತ್ತಿರ ನಾನು ನಿಂತುಬಿಟ್ಟೆ. ಅಲ್ಲಿಯವರೆಗೆ ತಡೆದುಕೊಂಡಿದ್ದೆ. “ಸೈನ್ ಹಾಕೋದು ಕಲಿಸಿದ್ದು ಏತಕ್ಕೆ? ಊರೋರ ಸಾಲಕ್ಕೆಲ್ಲ ಗೀಚು ಅಂತಾನಾ? ನಾನು ಇಪ್ಪತ್ತು ವರ್ಷ ಕತ್ತೆ ಥರ ದುಡಿದು ಇಲ್ಲಿ ತನಕ ತಂದ್ರೆ, ನೀನು ನಿಂಬೆಹಣ್ಣಿನೋಳ ಜೊತೆ ಸೇರ್ಕೊಂಡು ಕೆಳಗೆ ಎಳೀತೀಯಾ? ಏನ್ ಬರ್ದಿದೆ ಅಂತ ಓದಬಾರದಾಗಿತ್ತಾ?”

“ಓದೋದು ನೀನು ಕಲಿಸ್ಲಿಲ್ವಲ್ಲೇ,” ಎಂದಳು.

ಸಿಟ್ಟಿನಿಂದ ಹೇಳಲಿಲ್ಲ. ಲೆಕ್ಕದಲ್ಲಿ ಒಂದು ಸೇರು ಕಡಿಮೆ ಬಂದರೆ ಹೇಳುವ ದನಿಯಲ್ಲಿ ಹೇಳಿದಳು. ನಿಜವೇ. ಫಾರಂಗೆ ಬೇಕಾದಷ್ಟೇ ಕಲಿಸಿದ್ದೆ. ಫಾರಂ ಹೋಯಿತು, ಸ್ಕಾಲರ್‌ಶಿಪ್ ಬಂತು, ಸ್ಲೇಟನ್ನು ಅಟ್ಟಕ್ಕೆ ಹಾಕಿದೆ. ಇನ್ನೊಂದು ತಿಂಗಳು ಕೂರಿಸಿದ್ದರೆ ಬಸ್ಸಿನ ಬೋರ್ಡಾದರೂ ಓದುತ್ತಿದ್ದಳು.

ಆದರೆ ಅವತ್ತು ನನಗೆ ಕರುಣೆ ಬರಲಿಲ್ಲ. ಅದನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ. “ಈಗ ಕಲಿತು ಏನ್ ಕಡಿದು ಕಟ್ಟೆ ಹಾಕ್ಬೇಕು,” ಎಂದೆ.

ಏಜೆಂಟನಿಗೆ ವಿಷಯ ಹೇಳಿದಾಗ ಅವನು ನಾನಂದುಕೊಂಡಷ್ಟು ಕೆಟ್ಟವನಾಗಿ ನಡೆದುಕೊಳ್ಳಲಿಲ್ಲ. ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತು ತಲೆ ಕೆರೆದುಕೊಂಡ. “ಓನರ್ ಹತ್ರ ಇನ್ನೊಂದು ನಾಲ್ಕು ತಿಂಗಳು ಟೈಮ್ ಕೇಳಿ ನೋಡೋಣ್ವಾ ಮೇಡಂ? ಯಜಮಾನ್ರು ಒಳ್ಳೇ ಮನುಷ್ಯ. ಕೊಟ್ರೂ ಕೊಡ್ಬೋದು. ಅಮ್ಮ ಅಷ್ಟೊಂದು ಆಸೆ ಇಟ್ಕೊಂಡಿದಾರೆ.”

“ಬೇಡ,” ಎಂದೆ.

“ಕೇಳೋದ್ರಲ್ಲಿ ಏನು ಹೋಗುತ್ತೆ ಮೇಡಂ?”

“ಬೇಡ ಅಂದ್ನಲ್ಲ. ಒಬ್ಬಳ ಹೆಸರಲ್ಲೇ ಮುಂದುವರಿಸಿ.”

ಯಾಕೆ ಬೇಡ ಎಂದೆ? ಕೇಳಲು ಹೋದರೆ ಕಾರಣ ಹೇಳಬೇಕು. ಆ ಮನೆಯಾಕೆಯ ಮುಂದೆ ನಿಂತು, ನಮ್ಮಮ್ಮ ಎಲೆ ಮಾರುವವಳಿಗೆ ಜಾಮೀನು ನಿಂತು ಬ್ಯಾಂಕಿನಲ್ಲಿ ಹೆಸರು ಕೆಡಿಸಿಕೊಂಡಿದ್ದಾಳೆ ಎನ್ನಬೇಕು. ಆಕೆ, “ನಂಗೆ ಗೊತ್ತಿತ್ತು,” ಎನ್ನುವ ಹಾಗೆ ಗಂಡನ ಮುಖ ನೋಡುತ್ತಾರೆ. ಅದನ್ನು ನೋಡುವುದಕ್ಕಿಂತ ಅಮ್ಮನ ಹೆಸರು ಹೋಗುವುದು ನನಗೆ ಸುಲಭವಾಗಿ ಕಂಡಿತು. ಮನೆಗೆ ಹೋಗಿ, “ಕೇಳಿದ್ವಿ ಅಮ್ಮ, ಟೈಮ್ ಕೊಡಲ್ಲ ಅಂದ್ರು,” ಎಂದೆ. ಅವಳು ನಂಬಿದಳು. ನಾನು ಹೇಳಿದ್ದನ್ನು ಅವಳು ಯಾವಾಗಲೂ ನಂಬುತ್ತಿದ್ದಳು, ಓದಿದವಳೆಂದು.

ನೋಟರಿಯವರು ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರಿಗೆ ಒಂದು ಮೇಜು ಹಾಕಿಕೊಂಡಿದ್ದರು. ಪಕ್ಕದಲ್ಲಿ ಟೈಪ್ ಮಾಡುವವಳು, ಅವಳ ಪಕ್ಕದಲ್ಲಿ ಎಳನೀರಿನವನು. ಅಫಿಡವಿಟ್ ಇಂಗ್ಲಿಷಿನಲ್ಲಿತ್ತು. ಸಹಿ ಮಾಡುವವರಿಗೆ ಅವರ ಭಾಷೆಯಲ್ಲಿ ಓದಿ ಹೇಳಬೇಕೆಂಬ ನಿಯಮವಿದೆಯಂತೆ. ನೋಟರಿ ನನ್ನನ್ನು ನೋಡಿ, “ಓದಿದೋರ ಥರ ಕಾಣ್ತೀರಿ, ನೀವೇ ಹೇಳ್ಬಿಡಿ,” ಎಂದರು.

ಹೇಳಿದೆ. ಒಂದೊಂದು ವಾಕ್ಯವನ್ನೂ ನಿಲ್ಲಿಸಿ, ಸರಿಯಾಗಿ, ಬಿಡದೆ ಹೇಳಿದೆ. ಯಾರ ಒತ್ತಾಯವೂ ಇಲ್ಲದೆ ಸ್ವಂತ ಇಚ್ಛೆಯಿಂದ ಈ ಹಣವನ್ನು ಮಗಳಿಗೆ ಕೊಟ್ಟಿದ್ದೇನೆ. ಇದನ್ನು ಮುಂದೆ ಎಂದೂ ವಾಪಸು ಕೇಳುವುದಿಲ್ಲ. ಸದರಿ ಮನೆಯ ಮೇಲೆ ನನಗಾಗಲಿ ನನ್ನ ಕಡೆಯವರಿಗಾಗಲಿ ಯಾವ ಹಕ್ಕೂ ಇಲ್ಲ, ಭಾಗವೂ ಇಲ್ಲ, ಮುಂದೆಯೂ ಇರುವುದಿಲ್ಲ.

“ನನ್ನ ಕಡೆಯೋರು ಅಂದ್ರೆ ಯಾರು?” ಎಂದಳು ಅಮ್ಮ.

“ಅದು ಸುಮ್ನೆ ಹಾಕ್ತಾರೆ.”

“ನನ್ನ ಕಡೆಯೋಳು ಅಂದ್ರೆ ನೀನೇ ಅಲ್ವೇನೇ?”

ಟೈಪ್ ಮಾಡುವವಳು ಕಿಸಕ್ಕನೆ ನಕ್ಕಳು. ಅಮ್ಮ ಅವಳ ಕಡೆ ತಿರುಗಿ, “ಹಕ್ಕಿಲ್ಲ ಅಂತ ಎಷ್ಟು ಕಡೆ ಬಂದಿದೆ ಮಗಾ?” ಎಂದಳು.

“ಮೂರು ಕಡೆ ಆಂಟಿ.”

“ಒಂದು ಕಡೆ ಇದ್ರೆ ಸಾಲಲ್ವಾ?”

“ಲಾಯರ್ ಭಾಷೆ ಹಂಗೇ ತಾಯಿ,” ಎಂದರು ನೋಟರಿ. “ಒಂದ್ಸಲ ಹೇಳಿದ್ರೆ ಯಾರೂ ನಂಬಲ್ಲ.”

ಪೆನ್ನು ಕೊಟ್ಟರು. ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಕೈಯಲ್ಲಿ ಏನೂ ಇರಲಿಲ್ಲ, ಅಭ್ಯಾಸ. ಬಗ್ಗಿ, ನಿಧಾನವಾಗಿ, ಐದಕ್ಷರವನ್ನೂ ಒಂದರ ಪಕ್ಕ ಒಂದು ಇಟ್ಟಳು. ಎರಡು ಹಾಳೆ, ಎರಡು ಕಡೆ. ನೋಟರಿ ಕನ್ನಡಕ ಮೇಲೆತ್ತಿ ನೋಡಿ, “ಪರವಾಗಿಲ್ವೇ! ಮುತ್ತಿನಂಥ ಅಕ್ಷರ,” ಎಂದರು.

“ನಾನೇ ಕಲಿಸಿದ್ದು,” ಎಂದೆ.

ಅದು ಹೇಗೆ ಬಾಯಿಂದ ಬಂತೋ ಗೊತ್ತಿಲ್ಲ. ಹೆಮ್ಮೆಯಿಂದಲೇ ಹೇಳಿದೆ. ಅಮ್ಮ ಪೆನ್ನಿನ ಕ್ಯಾಪು ಹಾಕಿ ಮೇಜಿನ ಮೇಲಿಟ್ಟು, ಎಳನೀರಿನವನ ಹತ್ತಿರ ಹೋಗಿ ನಿಂತಳು. ನನಗೂ ಒಂದು ಕೊಡಿಸಿದಳು.

ಸಾಲ ಮಂಜೂರಾಯಿತು. ರಿಜಿಸ್ಟ್ರೇಷನ್‌ಗೆ ಎರಡು ದಿನ ಮುಂಚೆ ಏಜೆಂಟ್ ಮನೆಗೇ ಬಂದು, ತನಗೆ ದೊಡ್ಡ ಉಪಾಯ ಹೊಳೆದಿದೆ ಎನ್ನುವ ಮುಖದಲ್ಲಿ, “ಅಮ್ಮ ಸಾಕ್ಷಿ ಹಾಕ್ಲಿ ಮೇಡಂ. ಪತ್ರದಲ್ಲಿ ಅವರ ಹೆಸರು ಬಂದಂಗೂ ಆಗುತ್ತೆ,” ಎಂದ. ನನಗೂ ಅದು ಒಳ್ಳೆಯದೆನ್ನಿಸಿತು. ನಾಚಿಕೆಯಿಲ್ಲದೆ ಅಮ್ಮನ ಮುಖ ನೋಡಿದೆ.

“ಸಾಕ್ಷಿ ಅಂದ್ರೆ, ಬೇರೆಯೋರು ತಗೊಂಡಿದ್ದನ್ನ ನಾನು ನೋಡಿದೀನಿ ಅಂತ ಅಲ್ವಾ?” ಎಂದು ಕೇಳಿದಳು.

“ಹೂಂ ಅಮ್ಮ, ಅಷ್ಟೇ.”

“ನಾನು ನೋಡಲ್ಲ ಬಿಡಪ್ಪ. ಅವತ್ತು ಏಕಾದಶಿ, ಸೊಪ್ಪು ಚೆನ್ನಾಗಿ ಹೋಗುತ್ತೆ.”

ಅವತ್ತು ಏಕಾದಶಿ ಅಲ್ಲ, ದಶಮಿಯೂ ಅಲ್ಲ. ಅವಳು ಹೋಗಿ ಬಜಾರಿನಲ್ಲಿ ಕೂತಳು. ಸಾಕ್ಷಿ ಹಾಕಲು ಬಂದವರು ಸೋದರಮಾವ. ಇಸ್ತ್ರಿ ಮಾಡಿದ ಬಿಳಿ ಷರಟು, ಒಂದು ಡಬ್ಬ ಮೈಸೂರು ಪಾಕು. ಸಬ್‌ರಿಜಿಸ್ಟ್ರಾರ್ ಆಫೀಸಿನ ಸಾಲಿನಲ್ಲಿ ನಿಂತವರಿಗೆಲ್ಲ, “ನಮ್ಮ ಸೊಸೆ. ಸಾರಿ, ಸೋದರ ಸೊಸೆ. ಡಿಗ್ರಿ ಆಗಿದೆ. ಬಸವನಗುಡೀಲೇ ತಗೋಬೇಕು ಅಂತ ನಾನೇ ಹೇಳಿದ್ದು,” ಎಂದು ಹಂಚಿದರು. ನಾನು ಕ್ಯಾಮೆರಾ ನೋಡಿ, ಬೆರಳೊತ್ತಿ, ಹೊರಗೆ ಬಂದೆ. ಮಾರಿದ ಮನೆಯಾಕೆ ಬೀಗದ ಕೈ ಕೊಡುತ್ತ, “ನಿಮ್ಮಮ್ಮ ಎಲ್ಲಿ? ಬಂದಿಲ್ವಾ?” ಎಂದು ಆಚೀಚೆ ನೋಡಿದರು. ಅವರ ಗಂಡ ಮಾತ್ರ ನನ್ನನ್ನು ಸ್ವಲ್ಪ ದೂರ ಕರೆದು, “ನೀವು ಅಷ್ಟು ಅವಸರ ಪಟ್ಟು ಮಾಡಿದ್ರಿ. ನಮ್ಮ ಹೊಸ ಮನೆ ಕೆಲಸ ತಡವಾಗಿದೆ, ರೆಡಿ ಆಗೋಕೆ ಇನ್ನೂ ಐದು ತಿಂಗಳಿದೆ, ಅಲ್ಲೀವರ್ಗೂ ಮಗಳ ಮನೇಲೇ ಇರ್ಬೇಕು. ಕೇಳಿದ್ರೆ ನಾವೇ ಟೈಮ್ ಕೊಡ್ತಿದ್ವಿ,” ಎಂದರು. ಸಂಕೋಚದ ಮನುಷ್ಯ, ಉಪಕಾರ ಮಾಡುವ ಅವಕಾಶ ತಪ್ಪಿತಲ್ಲ ಎನ್ನುವ ಹಾಗೆ ಹೇಳಿದರು.

ಮಾವ ಪಕ್ಕದಲ್ಲೇ ಇದ್ದರು. ಮೈಸೂರು ಪಾಕು ಬಾಯಲ್ಲಿಟ್ಟುಕೊಂಡೇ ಎಲ್ಲ ಕೇಳಿಸಿಕೊಂಡರು. ಅಂದೇ ಸಂಜೆ ಅದು ಅಮ್ಮನಿಗೆ ತಲುಪಿತೆಂದು ನನಗೆ ಗೊತ್ತಾದದ್ದು, ಅವಳು ನನ್ನನ್ನು ಏನೂ ಕೇಳದೇ ಇದ್ದುದರಿಂದ. ಮನೆಯ ಬಗ್ಗೆ ಒಂದು ಪ್ರಶ್ನೆ ಇಲ್ಲ. ಯಾವಾಗ ಹಾಲು ಉಕ್ಕಿಸುವುದು, ಯಾವ ಪಾತ್ರೆ ಒಯ್ಯುವುದು, ಏನೂ ಇಲ್ಲ. ಸಾರು ಬಡಿಸಿದಳು, ಉಪ್ಪು ಸರಿಯಾಗಿದೆಯಾ ಎಂದಳು. ಐದಾರು ವಾರ ಹೀಗೇ ಹೋಯಿತು. ನಾನು ಒಬ್ಬಳೇ ಹೋಗಿ ಹೊಸ ಮನೆಗೆ ಸುಣ್ಣಬಣ್ಣ ಮಾಡಿಸಿದೆ. ಅಡುಗೆಕಟ್ಟೆ ಅವಳ ಎತ್ತರಕ್ಕೆ ಜಾಸ್ತಿಯಾಗುತ್ತದೆಂದು ಒಡೆಸಿ ಇಳಿಸಿದೆ. ಅದನ್ನು ಹೇಳಿದಾಗಲೂ “ಹೂಂ” ಎಂದಳು.

ಖಾತೆ ಬಂದದ್ದು ಒಂದು ಭಾನುವಾರ. ಈಗ ಎಲ್ಲ ಕಂಪ್ಯೂಟರಿನಲ್ಲೇ ಆಗುತ್ತದೆ. ಏಜೆಂಟ್ ಅದರ ಪ್ರಿಂಟ್ ತೆಗೆಸಿ, ಹೇಳದಿದ್ದರೂ ಲ್ಯಾಮಿನೇಷನ್ ಮಾಡಿಸಿ, ಗವಿಪುರದ ಮನೆಗೆ ತಂದ. ಅಮ್ಮ ಬಾಗಿಲಲ್ಲಿ ಕೂತು ಮೆಂತ್ಯದ ಬೇರು ಕತ್ತರಿಸುತ್ತಿದ್ದಳು.

“ಅಮ್ಮಾ, ಖಾತಾ ಸರ್ಟಿಫಿಕೇಟು. ಮೊದ್ಲು ನಿಮ್ಮ ಕೈಗೇ ಕೊಡ್ತೀನಿ, ಹಿರಿಯರು ಹಿಡ್ಕೊಂಡ್ರೆ ಒಳ್ಳೇದು,” ಎಂದ.

ಅಮ್ಮ ಚಾಕು ಕೆಳಗಿಟ್ಟು ತೆಗೆದುಕೊಂಡಳು. ಬೆಳಕಿಗೆ ಹಿಡಿದಳು. ಓದಲು ಬರದಿದ್ದರೂ ಅದರಲ್ಲಿ ನನ್ನ ಫೋಟೋ ಇತ್ತು. ಅದರ ಮೇಲೆ ಬೆರಳಿಟ್ಟು ನೋಡಿ, ಹಾಳೆಯನ್ನು ತಿರುಗಿಸಿದಳು. ಹಿಂದುಗಡೆ ಖಾಲಿ.

“ಇಷ್ಟೇನಾ?”

“ಇಷ್ಟೇ ಅಮ್ಮ. ಇನ್ನು ಯಾರೂ ನಿಮ್ಮನ್ನ ಕೇಳೋ ಹಂಗಿಲ್ಲ,” ಎಂದ ಏಜೆಂಟ್. ನಾನು ಕೊಟ್ಟ ಕವರು ತೆಗೆದುಕೊಂಡು, ಫೋನು ಬಂತೆಂದು ರಸ್ತೆಗೆ ಹೋದ.

ಅಮ್ಮ ಅದನ್ನು ನನ್ನ ಕೈಗೆ ಕೊಟ್ಟಳು. ಎರಡೂ ಕೈಯಲ್ಲಿ, ತಾಂಬೂಲ ಕೊಡುವ ಹಾಗೆ. ನಾನು ಅದನ್ನು ಹಿಡಿದುಕೊಂಡು, ಮುಂದಿನ ಭಾನುವಾರಕ್ಕೆ ಟೆಂಪೋ ಹೇಳಿದ್ದೇನೆ, ಮಂಚ ಮೊದಲು ಹೋಗಲಿ, ನಿನ್ನ ಟ್ರಂಕು ನನ್ನ ಜೊತೆ ಆಟೋದಲ್ಲಿ ಬರಲಿ ಎಂದು ಹೇಳುತ್ತ ಹೋದೆ. ಅವಳು ಮೆಂತ್ಯದ ಕಟ್ಟಿಗೆ ಬಾಳೆನಾರು ಸುತ್ತಿ ಗಂಟು ಹಾಕಿದಳು.

“ನಿನ್ನ ಸಾಮಾನು ಮಾತ್ರ ಹಾಕ್ಕೋ,” ಎಂದಳು. “ಓನರಮ್ಮಂಗೆ ಹೇಳಿದೀನಿ, ನಾನು ಈ ಮನೆ ಖಾಲಿ ಮಾಡಲ್ಲ ಅಂತ. ಇಲ್ಲಿ ಬಾಡಿಗೆ ಅಗ್ರಿಮೆಂಟು ನನ್ನ ಹೆಸರಲ್ಲಿದೆ.”